ಕಾರ್ನ್ ಸ್ನೇಕ್ ಮರಿ ತಿಂದದ್ದನ್ನು ಕಕ್ಕುತ್ತಿದೆಯೇ? ಕಲಬುರಗಿ ಬಿಸಿಲಿನಲ್ಲಿ ಅದನ್ನು ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಅಮೆರಿಕ ಮೂಲದ ಸಾಕುಹಾವು ಕಾರ್ನ್ ಸ್ನೇಕ್‌ನ ಮರಿ ಮೊನ್ನೆ ರಾತ್ರಿ ನುಂಗಿದ ಇಲಿಮರಿ ಇವತ್ತು ಬೆಳಗ್ಗೆ ಅದನ್ನು ಸಾಕುವ ಪ್ಲಾಸ್ಟಿಕ್ ಟಬ್ಬಿನ ಮೂಲೆಯಲ್ಲಿ ಬಿದ್ದಿದೆ. ಮೈತುಂಬ ಲೋಳೆ, ತಲೆಯ ಕಡೆ ಕರಗಿ ಬೂದುಬಣ್ಣಕ್ಕೆ ತಿರುಗಿದೆ, ಹಿಂಗಾಲುಗಳು ಹಾಗೇ ಇವೆ, ಮುಚ್ಚಳ ತೆಗೆದರೆ ಮೂಗಿಗೆ ಬಡಿಯುವ ನಾತ. ಹಾವು ತಲೆಯ ಕಡೆಯಿಂದ ನುಂಗುವುದರಿಂದ ಮೊದಲು ಕರಗುವುದೂ ತಲೆಯೇ. ಮರಿಹಾವು ಮಾತ್ರ ಏನೂ ಆಗಿಲ್ಲವೆಂಬಂತೆ ಹೈಡ್ (ಅಡಗಿ ಕೂರುವ ಗೂಡು) ಒಳಗೆ ಸುರುಳಿ ಸುತ್ತಿ ಕೂತಿರುತ್ತದೆ.

ಈ ಹೊತ್ತಿನಲ್ಲಿ ಮನೆಯಲ್ಲಿ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: ‘ಪಾಪ, ಹೊಟ್ಟೆ ಖಾಲಿ ಆಗ್ಯಾದ, ಇನ್ನೊಂದು ಹಾಕಿಬಿಡ್ರಿ.’ ದಯವಿಟ್ಟು ಹಾಕಬೇಡಿ. ಒಮ್ಮೆ ಕಕ್ಕಿದ ಮರಿ ತಾನಾಗಿ ಸುಧಾರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ಎರಡನೆಯ ಸಲ, ಮೂರನೆಯ ಸಲ ಕಕ್ಕಿದ ಮರಿಯನ್ನು ಉಳಿಸಿಕೊಳ್ಳುವುದು ಕಷ್ಟ. ಆ ಎರಡನೆಯ ಸಲಕ್ಕೆ ದಾರಿ ಮಾಡಿಕೊಡುವುದು ನಮ್ಮ ಅವಸರವೇ.

ಕಕ್ಕುವಾಗ ಇಲಿಮರಿಯ ಜೊತೆಗೆ ಹೊಟ್ಟೆಯ ಆಮ್ಲವೂ ಮೇಲಕ್ಕೆ ಬರುತ್ತದೆ. ಅದು ಅನ್ನನಾಳದ ಒಳಪದರವನ್ನು ಸುಡುತ್ತದೆ. ಮೈಯಲ್ಲಿದ್ದ ನೀರು ಖಾಲಿಯಾಗುತ್ತದೆ, ಜೀರ್ಣಕ್ಕೆ ನೆರವಾಗುವ ಒಳ್ಳೆಯ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪುತ್ತದೆ. ಈ ಹುಣ್ಣು ಮಾಯುವ ಮೊದಲೇ ಮತ್ತೊಂದು ಇಲಿಮರಿ ಒಳಗೆ ಹೋದರೆ ಅದು ಕರಗದೆ ಕೊಳೆಯುತ್ತದೆ, ಮತ್ತೆ ಹೊರಗೆ ಬರುತ್ತದೆ. ಹತ್ತು-ಹನ್ನೆರಡು ಗ್ರಾಂ ತೂಗುವ ಮರಿಗೆ ಇಂಥ ಎರಡು ಪೆಟ್ಟು ತಡೆದುಕೊಳ್ಳುವಷ್ಟು ಕೊಬ್ಬು ಮೈಯಲ್ಲಿ ಇರುವುದೇ ಇಲ್ಲ.

ಮೊದಲ ಒಂದು ಗಂಟೆ

ಹಾವನ್ನು ಕೈಗೆತ್ತಿಕೊಳ್ಳಬೇಡಿ. ಕಕ್ಕಿದ್ದನ್ನು ಎತ್ತುವ ಮೊದಲು ಒಂದು ಫೋಟೊ ತೆಗೆಯಿರಿ. ತಿನ್ನಿಸಿದ ದಿನ, ಇಲಿಮರಿಯ ತೂಕ, ಕಕ್ಕಿದ್ದು ಕಂಡ ಹೊತ್ತು, ಆಗ ಟಬ್ಬಿನ ಎರಡೂ ಬದಿಯ ಉಷ್ಣಾಂಶ, ಇಷ್ಟನ್ನು ಬರೆದಿಡಿ. ಕಕ್ಕಿದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಟು ಕಟ್ಟಿ, ಇನ್ನೊಂದು ಡಬ್ಬಿಯೊಳಗಿಟ್ಟು, ಊಟದ ಪದಾರ್ಥಗಳಿಂದ ಬೇರೆಯಾಗಿ ಫ್ರಿಜ್ಜಿನಲ್ಲಿಡಿ. ಪಶುವೈದ್ಯರು ನೋಡಬೇಕೆಂದರೆ ಒಂದು ದಿನದ ಮಟ್ಟಿಗೆ ಬೇಕಾಗಬಹುದು. ಫ್ರೀಜರಿಗೆ ಹಾಕಬೇಡಿ.

ಆಮೇಲೆ ಟಬ್ಬಿನಲ್ಲಿ ಹಾಸಿದ್ದನ್ನೆಲ್ಲ ತೆಗೆದುಹಾಕಿ. ತೆಂಗಿನ ನಾರಿನ ಪುಡಿಯಿರಲಿ, ಮರದ ಚಕ್ಕೆಯಿರಲಿ, ಚೇತರಿಕೆ ಮುಗಿಯುವವರೆಗೆ ಬೇಡ. ಬಿಳಿ ಟಿಶ್ಯೂ ಹಾಸಿದರೆ ಹಿಕ್ಕೆಯ ಬಣ್ಣ, ರಕ್ತ, ಲೋಳೆ ಎಲ್ಲ ಕಣ್ಣಿಗೆ ಬೀಳುತ್ತವೆ. ಟಬ್ಬು ತೊಳೆಯಲು ಒಂದು ಭಾಗ ಬ್ಲೀಚ್ ದ್ರಾವಣಕ್ಕೆ ಹತ್ತು ಭಾಗ ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟು, ವಾಸನೆ ಪೂರ್ತಿ ಹೋಗುವವರೆಗೆ ತೊಳೆದು ಒಣಗಿಸಿ. ಅಷ್ಟು ಹೊತ್ತು ಮರಿಯನ್ನು ಅದರ ಹೈಡ್ ಸಮೇತ ಗಾಳಿ ಆಡುವ ಇನ್ನೊಂದು ಮುಚ್ಚಿದ ಡಬ್ಬಕ್ಕೆ ಸರಿಸಿದರೆ ಸಾಕು. ನೆಲ ಒರೆಸುವ ಫಿನಾಯಿಲ್ ಮಾತ್ರ ಟಬ್ಬಿನ ಹತ್ತಿರಕ್ಕೂ ತರಬೇಡಿ, ಅದು ಹಾವಿಗೆ ವಿಷ. ಕೈಯನ್ನು ಸೋಪು ಹಾಕಿ ಚೆನ್ನಾಗಿ ತೊಳೆದುಕೊಳ್ಳಿ. ಹಾವುಗಳ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ, ಮನುಷ್ಯರಿಗೆ ಭೇದಿ ತರುವ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಐದು ವರ್ಷದೊಳಗಿನ ಮಕ್ಕಳನ್ನು ಈ ಕೆಲಸದಿಂದ ದೂರವಿಡಿ, ಟಬ್ಬನ್ನು ಅಡುಗೆಮನೆಯ ಬಚ್ಚಲಲ್ಲಿ ತೊಳೆಯಬೇಡಿ.

ಕಕ್ಕಿದ್ದನ್ನು ನೋಡಿ ಕಾರಣ ಹಿಡಿಯುವುದು

ಹೊರಗೆ ಬಂದದ್ದು ಯಾವ ಸ್ಥಿತಿಯಲ್ಲಿದೆ ಎಂಬುದೇ ಅರ್ಧ ಉತ್ತರ ಹೇಳುತ್ತದೆ. ತಿಂದ ಕೆಲವೇ ಗಂಟೆಯಲ್ಲಿ, ಅಥವಾ ಮರುದಿನದೊಳಗೆ, ಇಲಿಮರಿ ಬಹುಮಟ್ಟಿಗೆ ಇಡಿಯಾಗಿ ಬಂದಿದ್ದರೆ ಅನುಮಾನ ಮೂರು: ತಿಂದ ಮೇಲೆ ಯಾರೋ ಹಾವನ್ನು ಎತ್ತಿ ಆಡಿಸಿದ್ದಾರೆ, ಇಲಿಮರಿ ದೊಡ್ಡದಿತ್ತು, ಇಲ್ಲವೇ ಹಾವು ಹೆದರಿದೆ. ಎರಡರಿಂದ ನಾಲ್ಕು ದಿನದ ಮೇಲೆ ಅರೆಬರೆ ಕರಗಿ ನಾರುವ ಮುದ್ದೆ ಬಂದಿದ್ದರೆ ಮೊದಲು ಉಷ್ಣಾಂಶವನ್ನು, ಆಮೇಲೆ ಇಲಿಮರಿ ಕೆಟ್ಟಿತ್ತೇ ಎಂಬುದನ್ನು ನೋಡಬೇಕು. ಎಲ್ಲ ಸರಿಯಿದ್ದೂ ಪ್ರತಿ ಊಟದ ಮೂರ್ನಾಲ್ಕು ದಿನಕ್ಕೆ ಕಕ್ಕುತ್ತಿದ್ದರೆ, ತೂಕ ಇಳಿಯುತ್ತಲೇ ಇದ್ದರೆ, ಅದು ರೋಗ. ಅದರ ಮಾತು ಮುಂದೆ ಬರುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಬಿಸಿ. ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ ಹಾವು. ಅಲ್ಲಿಯೂ ಸೆಖೆಯಿದೆ, ಆದರೆ ಕಾಡಿನಲ್ಲಿ ಅದು ಬಿಸಿಲು ಏರಿದ ಕೂಡಲೇ ಕೊಳೆತ ಮರದ ಬುಡಕ್ಕೋ ಬಿಲಕ್ಕೋ ಇಳಿದುಬಿಡುತ್ತದೆ. ಟಬ್ಬಿನಲ್ಲಿ ಇಳಿಯಲು ಜಾಗವಿಲ್ಲ. ಚಳಿ ದೇಶದವರು ಬರೆದ ಸಲಹೆಗಳಲ್ಲಿ ‘ಕಕ್ಕಿದರೆ ಬಿಸಿ ಹೆಚ್ಚಿಸಿ’ ಎಂದಿರುತ್ತದೆ, ಅವರ ಮನೆಗೆ ಅದು ಸರಿ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ಯಾದಗಿರಿಯಲ್ಲಿ ಅದನ್ನೇ ಮಾಡಿದರೆ ಮರಿ ಬೇಯುತ್ತದೆ. ಟಬ್ಬಿನ ಬೆಚ್ಚನೆಯ ಬದಿ 28ರಿಂದ 30, ತಂಪು ಬದಿ 23ರಿಂದ 26 ಡಿಗ್ರಿ ಇರಬೇಕು. ತಂಪು ಬದಿಯೇ 32 ದಾಟಿದರೆ ಮರಿಗೆ ಎಲ್ಲಿಯೂ ಆಸರೆಯಿಲ್ಲ, ತಿಂದದ್ದನ್ನು ಹೊರಹಾಕಿ ಮೈ ಹಗುರ ಮಾಡಿಕೊಳ್ಳುತ್ತದೆ. 35ರ ಮೇಲೆ ಜೀವಕ್ಕೇ ಅಪಾಯ.

ಚಳಿಗಾಲದ ಲೆಕ್ಕ ಬೇರೆ. ಬೀದರ್ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ, ಡಿಸೆಂಬರ್-ಜನವರಿಯ ರಾತ್ರಿ ಅಲ್ಲಿ ಗಡಗಡ ನಡುಗಿಸುವ ಥಂಡಿ. ಹಗಲು 29 ಇದ್ದ ಕೋಣೆ ಬೆಳಗಿನ ಜಾವ 17ಕ್ಕೆ ಇಳಿದರೆ ಹೊಟ್ಟೆಯಲ್ಲಿರುವ ಇಲಿಮರಿ ಕರಗುವುದು ನಿಲ್ಲುತ್ತದೆ, ಕೊಳೆಯುವುದು ನಿಲ್ಲುವುದಿಲ್ಲ. ಅದಕ್ಕೇ ಒಂದು ಹೊತ್ತಿನ ಉಷ್ಣಾಂಶ ನೋಡಿ ನಿರ್ಧಾರಕ್ಕೆ ಬರಬೇಡಿ. ಕನಿಷ್ಠ-ಗರಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವ, ಪ್ರೋಬ್ (ತಂತಿಯ ತುದಿಯಲ್ಲಿ ಬಿಸಿ ಅಳೆಯುವ ಮೊನೆ) ಇರುವ ಡಿಜಿಟಲ್ ಥರ್ಮಾಮೀಟರ್ ಎರಡು ಕೊಳ್ಳಿ, ಪ್ರತಿ ಬದಿಗೊಂದು. ಟಬ್ಬಿನ ಗೋಡೆಗೆ ಅಂಟಿಸುವ ಪಟ್ಟಿಗಳನ್ನು ನಂಬಬೇಡಿ. ಅವು ಗೋಡೆಯ ಬಿಸಿ ಹೇಳುತ್ತವೆ, ಹಾವು ಮಲಗುವ ನೆಲದ ಬಿಸಿಯನ್ನಲ್ಲ.

ಇನ್ನು ತಿನ್ನಿಸಲು ತಂದ ಸತ್ತ ಇಲಿಮರಿಗಳನ್ನು ಗಟ್ಟಿ ಮಾಡಿ ಇಡುವ ಫ್ರೀಜರಿನ ಸಂಗತಿ. ಬ್ಯಾಸಗಿಯಲ್ಲಿ ಕರೆಂಟ್ ನಾಲ್ಕಾರು ತಾಸು ಹೋಗುತ್ತದೆ, ಇಲಿಮರಿಗಳು ಕರಗುತ್ತವೆ, ಕರೆಂಟ್ ಬಂದ ಮೇಲೆ ಮತ್ತೆ ಗಟ್ಟಿಯಾಗುತ್ತವೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಒಳಗೆ ಕರುಳು ಕೆಟ್ಟಿರುತ್ತದೆ. ಇದನ್ನು ಹಿಡಿಯಲು ಸುಲಭದ ಉಪಾಯವಿದೆ. ಒಂದು ಸಣ್ಣ ಸ್ಟೀಲ್ ಬಟ್ಟಲಲ್ಲಿ ನೀರು ಹಾಕಿ ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಇಲಿಮರಿಗಳ ಪಕ್ಕದಲ್ಲೇ ಬಿಡಿ. ನಾಣ್ಯ ಮೇಲೆಯೇ ಕೂತಿದ್ದರೆ ಸರಿ. ತುಸು ಕೆಳಗಿಳಿದು ಮಂಜಿನೊಳಗೆ ಹುದುಗಿದ್ದರೆ ಒಮ್ಮೆ ಮೇಲ್ಮೈ ಕರಗಿದೆ ಎಂದರ್ಥ. ಬಟ್ಟಲ ತಳದಲ್ಲಿ ನಾಣ್ಯ ಸಿಕ್ಕಿತೋ, ಆ ಸಂಗ್ರಹವನ್ನೆಲ್ಲ ಎಸೆಯಿರಿ. ತೆಳ್ಳನೆಯ ಇಲಿಮರಿ ಬಟ್ಟಲ ನೀರಿಗಿಂತ ಬೇಗ ಕರಗುವುದರಿಂದ, ಕಕ್ಕಿದ ಮರಿಗೆ ಕೊಡುವುದಾದರೆ ನಾಣ್ಯ ಅರ್ಧ ಇಳಿದಿದ್ದರೂ ಎಸೆಯುವುದೇ ಒಳ್ಳೆಯದು.

ಉಳಿದ ಕಾರಣಗಳು ಸಣ್ಣವೆನಿಸಿದರೂ ಬಿಡುವ ಹಾಗಿಲ್ಲ. ಪೊರೆ ಬಿಡುವ ಮೊದಲು ಕಣ್ಣು ಹಾಲಿನಂತೆ ಮಸುಕಾಗಿರುವಾಗ ತಿನ್ನಿಸುವುದು. ಹೈಡ್ ಇಲ್ಲದಿರುವುದು, ಅಥವಾ ಒಂದೇ ಇರುವುದು. ಟಬ್ಬನ್ನು ಫ್ರಿಜ್ಜಿನ ಮೇಲೆ, ವಾಷಿಂಗ್ ಮಷಿನ್ ಪಕ್ಕ, ಟಿವಿ ಸ್ಪೀಕರ್ ಹತ್ತಿರ ಇಟ್ಟಿರುವುದು. ಹಾವಿಗೆ ಕಂಪನವೆಂದರೆ ದೊಡ್ಡ ಪ್ರಾಣಿ ಬಂತೆಂದೇ ಅರ್ಥ. ಗಣೇಶನ ಮೆರವಣಿಗೆ, ದೀಪಾವಳಿ ಪಟಾಕಿ ಇರುವ ವಾರ ತಿನ್ನಿಸದಿದ್ದರೆ ನಷ್ಟವಿಲ್ಲ. ಸೊಳ್ಳೆಬತ್ತಿ, ಗೋಡೆಗೆ ಸಿಕ್ಕಿಸುವ ಸೊಳ್ಳೆ ಔಷಧಿ, ಜಿರಳೆಗೆ ಹೊಡೆಯುವ ಸ್ಪ್ರೇ ಇವುಗಳಲ್ಲಿರುವ ಕೀಟನಾಶಕ ಹಾವಿಗೂ ನಾಟುತ್ತದೆ. ಆ ಕೋಣೆಯಲ್ಲಿ ಸೊಳ್ಳೆಪರದೆ ಬಳಸಿ.

ಬಿಸಿಲುಗಾಲದಲ್ಲಿ ಟಬ್ಬನ್ನು ತಂಪಾಗಿಡುವ ಬಗೆ

ಕಾಯಿಸುವುದು ಸುಲಭ, ಟಬ್ಬಿನ ಕೆಳಗೆ ಹಾಸುವ ಒಂದು ಹೀಟ್ ಮ್ಯಾಟ್, ಅದರ ಬಿಸಿ ಮಿತಿ ಮೀರದಂತೆ ತಡೆಯುವ ಒಂದು ಥರ್ಮೋಸ್ಟಾಟ್ ಇದ್ದರಾಯಿತು. ತಂಪು ಮಾಡುವುದೇ ಇಲ್ಲಿ ನಿಜವಾದ ಕೆಲಸ.

ಜಾಗದಿಂದ ಶುರು ಮಾಡಿ. ಶಹಾಬಾದ್ ಕಲ್ಲು ಹೊದಿಸಿದ ಮಾಳಿಗೆಯಾಗಲಿ, ಆರ್‌ಸಿಸಿ ಛಾವಣಿಯಾಗಲಿ, ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಹತ್ತು-ಹನ್ನೊಂದರವರೆಗೂ ಕೋಣೆಗೆ ಬಿಡುತ್ತಿರುತ್ತದೆ. ಮೇಲಂತಸ್ತಿನ ಕೋಣೆ, ಪಡುವಣ ಬಿಸಿಲು ಬೀಳುವ ಗೋಡೆ, ಕಪಾಟಿನ ಮೇಲಿನ ಅರೆ ಇವು ಮೂರೂ ಬೇಡ. ಕೆಳಮನೆಯ ಒಳಕೋಣೆಯಲ್ಲಿ, ಫರ್ಸಿ ನೆಲದ ಮೇಲೆ ನೇರವಾಗಿ ಟಬ್ಬು ಇಡಿ. ಶಹಾಬಾದ್ ಫರ್ಸಿ ಬೇಸಿಗೆಯ ಮಧ್ಯಾಹ್ನವೂ ಅಂಗಾಲಿಗೆ ತಣ್ಣಗೆ ತಾಗುತ್ತದಲ್ಲ, ಅದೇ ತಂಪು ಟಬ್ಬಿನ ತಳಕ್ಕೂ ಸಿಗುತ್ತದೆ. ಅದೇ ಫರ್ಸಿ ಜನವರಿಯಲ್ಲಿ ಮರಿಯ ಹೊಟ್ಟೆಯಿಂದ ಬಿಸಿ ಹೀರುತ್ತದೆ. ಆಗ ಟಬ್ಬಿನ ಕೆಳಗೆ ಒಂದಿಂಚು ಥರ್ಮೋಕೋಲ್ ಹಾಸಿ.

ಏರ್ ಕೂಲರ್ ನಮ್ಮ ಒಣಹವೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಳಿ ಟಬ್ಬಿನ ಮೇಲೆ ನೇರ ಬೀಳದಂತೆ ತಿರುಗಿಸಿ, ಕಿಟಕಿ ಒಂದು ಕೈಯಷ್ಟು ತೆರೆದಿಡಿ. ಕೂಲರಿಲ್ಲದಿದ್ದರೆ ಹಸಿ ಗೋಣಿಚೀಲವನ್ನು ಟಬ್ಬಿನ ಮೂರು ಬದಿಗೆ ಸುತ್ತಿ ಫ್ಯಾನ್ ಹಾಕಿ, ಗಾಳಿಯ ತೂತುಗಳು ಮುಚ್ಚಬಾರದು. ಒಳಗೆ, ತಂಪು ಬದಿಯ ಹೈಡ್ ಆಗಿ ಪ್ಲಾಸ್ಟಿಕ್ ಗುಹೆಗಿಂತ ಒಡೆದ ಮಣ್ಣಿನ ಗಡಿಗೆಯ ದೊಡ್ಡ ಬೋಕಿ ಎಷ್ಟೋ ಮೇಲು. ಅದರ ಅಂಚನ್ನು ಉಜ್ಜಿ ನುಣುಪು ಮಾಡಿ, ಕುದಿಯುವ ನೀರು ಹಾಕಿ ತೊಳೆದು ಆರಿಸಿ, ಬೆಳಗ್ಗೆ ಹೊರಮೈಗೆ ಮಾತ್ರ ನೀರು ಚಿಮುಕಿಸಿ. ಕುಡಿಯುವ ನೀರಿನ ಗಡಿಗೆ ತಂಪಾಗುವ ರೀತಿಯಲ್ಲೇ ಅದರೊಳಗೂ ತಂಪು ಹುಟ್ಟುತ್ತದೆ. ಕೆಳಗಿನ ಟಿಶ್ಯೂ ಮಾತ್ರ ಒಣಗಿರಲಿ, ಒದ್ದೆ ಹಾಸಿನ ಮೇಲೆ ದಿನಗಟ್ಟಲೆ ಮಲಗಿದರೆ ಹೊಟ್ಟೆಯ ಹುರುಪೆಗಳಲ್ಲಿ ಹುಣ್ಣೇಳುತ್ತವೆ.

ಕರೆಂಟ್ ಹೋಗಿ ಕೋಣೆ 34 ಮುಟ್ಟುತ್ತಿದ್ದರೆ ದೊಡ್ಡ ಥರ್ಮೋಕೋಲ್ ಪೆಟ್ಟಿಗೆಯೇ ಗತಿ. ಒಂದು ಲೀಟರ್ ಬಾಟಲಿಯಲ್ಲಿ ಗಡ್ಡೆ ಕಟ್ಟಿದ ನೀರು, ಅದಕ್ಕೆ ಎರಡು ಸುತ್ತು ಟವೆಲ್, ಪೆಟ್ಟಿಗೆಯ ಒಂದು ತುದಿಗೆ ಅದು, ಇನ್ನೊಂದು ತುದಿಗೆ ಮರಿ ಇರುವ ಸಣ್ಣ ಡಬ್ಬ. ಪೆಟ್ಟಿಗೆಯ ಮುಚ್ಚಳ ಬೆರಳಗಲ ತೆರೆದಿರಲಿ, ಪ್ರೋಬ್ ಒಳಗಿರಲಿ. 26 ಆಸುಪಾಸು ಬಂದರೆ ಬಾಟಲಿ ಹೊರಗೆ ತೆಗೆಯಿರಿ. ಐಸ್ ಹಾವಿಗೆ ತಾಗಬಾರದು. ಮರಿ ಬಾಯಿ ತೆರೆದು ಸೋತು ಬಿದ್ದಿದ್ದರೆ ತಣ್ಣೀರಿನಲ್ಲಿ ಮುಳುಗಿಸಬೇಡಿ. 26-27 ಡಿಗ್ರಿಯ ನೀರು ಅರ್ಧ ಸೆಂಟಿಮೀಟರ್ ಇರುವ ತಟ್ಟೆಯಲ್ಲಿ ತಲೆ ಮೇಲಿರುವಂತೆ ಬಿಟ್ಟು, ತಕ್ಷಣ ವೈದ್ಯರಿಗೆ ಫೋನ್ ಮಾಡಿ.

ಚಳಿಗಾಲಕ್ಕೆ 5ರಿಂದ 7 ವ್ಯಾಟಿನ ಹೀಟ್ ಮ್ಯಾಟ್ ಟಬ್ಬಿನ ಮೂರನೇ ಒಂದು ಭಾಗದ ಕೆಳಗೆ ಇರಲಿ, ಥರ್ಮೋಸ್ಟಾಟಿನ ಪ್ರೋಬ್ ಮ್ಯಾಟಿನ ನೇರ ಮೇಲೆ ಟಬ್ಬಿನ ಒಳನೆಲಕ್ಕೆ ಒತ್ತಿಕೊಂಡಿರಲಿ, 29ಕ್ಕೆ ಹೊಂದಿಸಿ. ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಾಕಿದರೆ ಅದು ಹೊಟ್ಟೆಯ ಚರ್ಮ ಸುಡುವಷ್ಟು ಕಾಯುತ್ತದೆ. ಬಲ್ಬಿನ ಬಿಸಿ ಬೇಡ.

ಹತ್ತರಿಂದ ಹದಿನಾಲ್ಕು ದಿನ ಏನೂ ತಿನ್ನಿಸದೆ ಕಾಯುವುದು

ಕಕ್ಕಿದ ದಿನ ಸೊನ್ನೆ. ಮೊದಲ ಎರಡು ದಿನ ನೀರು ಬದಲಿಸುವುದೊಂದನ್ನು ಬಿಟ್ಟು ಏನೂ ಮಾಡಬೇಡಿ. ಟಬ್ಬಿನ ಮೇಲೆ ಬಟ್ಟೆ ಹೊದಿಸಿ ಕತ್ತಲು ಮಾಡಿ.

ಮೂರನೆಯ ದಿನ ತೂಗಿ. ಅಡುಗೆಮನೆಯ ತಕ್ಕಡಿ ಒಂದು ಗ್ರಾಂ ಲೆಕ್ಕ ತೋರಿಸುತ್ತದೆ, ಅದು ಸಾಲದು. ಬಂಗಾರ ತೂಗುವಂಥ, 0.1 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಮುಚ್ಚಳದ ಡಬ್ಬಿಯ ತೂಕ ಕಳೆದು, ಮರಿಯನ್ನು ಡಬ್ಬಿಯಲ್ಲಿಟ್ಟು ತೂಗಿ ವಾಪಸ್ ಬಿಡಿ, ಒಂದು ನಿಮಿಷದ ಕೆಲಸ. ಆಮೇಲೆ ವಾರಕ್ಕೊಮ್ಮೆ ಸಾಕು. ಮೊಟ್ಟೆಯೊಡೆದು ಬಂದ ಮರಿ ಸಾಮಾನ್ಯವಾಗಿ 5ರಿಂದ 8 ಗ್ರಾಂ ಇರುತ್ತದೆ. ನಿಮ್ಮ ಮರಿ 7 ಗ್ರಾಂಗಿಂತ ಕಡಿಮೆಯಿದ್ದರೆ, ಇಲ್ಲವೇ ಕಕ್ಕಿದ ನಂತರ ಮೊದಲಿದ್ದ ತೂಕದ ಹತ್ತನೇ ಒಂದು ಭಾಗ ಇಳಿದಿದ್ದರೆ, ಕಾಯುತ್ತ ಕೂರದೆ ವೈದ್ಯರನ್ನು ಕಾಣಬೇಕು. ತೂಕದ ಜೊತೆ ಮೈಯ ಆಕಾರವನ್ನೂ ನೋಡಿ. ದುಂಡಗಿದ್ದರೆ ತಡೆದುಕೊಳ್ಳುತ್ತದೆ, ಬೆನ್ನೆಲುಬು ಏಣಿನಂತೆ ಎದ್ದು ಮೈ ತ್ರಿಕೋನವಾಗಿದ್ದರೆ ಶಕ್ತಿ ಉಳಿದಿಲ್ಲ.

ನೀರಿನ ಕೊರತೆಯನ್ನು ಚರ್ಮ ಹೇಳುತ್ತದೆ. ಮೈ ಬಾಗಿದ ಕಡೆ ಸುಕ್ಕು ಬಿದ್ದು ಹಾಗೇ ನಿಂತರೆ, ಕಣ್ಣು ಒಳಗೆ ಹೋದಂತೆ ಕಂಡರೆ, ಹಿಕ್ಕೆಯ ಬಿಳಿ ಭಾಗ ಸುಣ್ಣದ ಗಟ್ಟಿಯಂತೆ ಒಣಗಿ ಬಂದರೆ ನೀರು ಸಾಲುತ್ತಿಲ್ಲ. ಏಪ್ರಿಲ್ಲಿನ ನಮ್ಮ ಒಣಗಾಳಿಯಲ್ಲಿ ಇದು ಬೇಗ ಆಗುತ್ತದೆ. ನಾಲ್ಕನೆಯ ದಿನ ಒಮ್ಮೆ, 27-28 ಡಿಗ್ರಿಯ ನೀರು ಮೈಯ ಅರ್ಧ ಎತ್ತರಕ್ಕೆ ಬರುವಷ್ಟಿರುವ ಮುಚ್ಚಳದ ಡಬ್ಬಿಯಲ್ಲಿ ಹದಿನೈದು ನಿಮಿಷ ಬಿಡಿ, ಪಕ್ಕದಲ್ಲೇ ಕೂತಿರಿ. ಸುಕ್ಕು ಹೋಗದಿದ್ದರೆ ಎರಡು ದಿನ ಬಿಟ್ಟು ಮತ್ತೊಮ್ಮೆ. ಚೆನ್ನಾಗಿರುವ ಮರಿಗೆ ಇದರ ಅಗತ್ಯವಿಲ್ಲ, ಪ್ರತಿ ಸಲ ಎತ್ತುವುದೂ ಅದಕ್ಕೊಂದು ಗಾಬರಿ. ಟಬ್ಬಿನ ತೇವಾಂಶ 40ರಿಂದ 60 ಶೇಕಡಾ ಇರಲಿ. ಅದಕ್ಕಿಂತ ಕಡಿಮೆಯಿದ್ದರೆ ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಹೆಬ್ಬೆರಳು ಹಿಡಿಸುವ ತೂತು ಕೊರೆದು, ಒಳಗೆ ಹಿಂಡಿದ ಒದ್ದೆ ಟಿಶ್ಯೂ ಇಟ್ಟು ಮೂರನೆಯ ಹೈಡ್ ಮಾಡಿ.

ಈ ದಿನಗಳಲ್ಲಿ ಮನೆಯ ಹಿರಿಯರು ಪ್ರೀತಿಯಿಂದಲೇ ಹಾಲು ಇಡಲು ಹೇಳಬಹುದು. ಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಾಡು ನಮ್ಮದು, ಆ ಕಕ್ಕುಲಾತಿ ದೊಡ್ಡದು. ಆದರೆ ಹಾಲು ಹಾವಿನ ಆಹಾರವಲ್ಲ, ಅದನ್ನು ಅರಗಿಸುವ ಶಕ್ತಿ ಹಾವಿಗಿಲ್ಲ. ದಾಹಕ್ಕೆ ಕುಡಿದರೂ ಹುಣ್ಣಾದ ಹೊಟ್ಟೆ ಇನ್ನಷ್ಟು ಕೆಡುತ್ತದೆ. ಮೊಸರು, ಮಜ್ಜಿಗೆ, ಮೊಟ್ಟೆಯ ಲೋಳೆ, ಕೋಳಿ ಮಾಂಸದ ಚೂರು, ಗ್ಲುಕೋಸ್ ನೀರು ಯಾವುದೂ ಬೇಡ. ಬಟ್ಟಲಲ್ಲಿ ಶುದ್ಧ ನೀರು, ದಿನಾ ಹೊಸದು, ಅಷ್ಟೇ.

ಒಮ್ಮೆಯೇ ಕಕ್ಕಿದ್ದು, ಕಾರಣವೂ ಗೊತ್ತಾಗಿದ್ದು, ಮರಿ ದುಂಡಗಿದ್ದರೆ ಹತ್ತು ದಿನ ಸಾಕು. ಉಳಿದೆಲ್ಲ ಸಂದರ್ಭದಲ್ಲಿ ಹದಿನಾಲ್ಕು.

ಮೊದಲ ತುತ್ತು

ಈ ತುತ್ತು ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು. ಮಾಮೂಲಿ ದಿನಗಳಲ್ಲಿ ಮರಿಗೆ ಅದರ ತೂಕದ ಶೇಕಡಾ 10ರಿಂದ 15ರಷ್ಟು ತೂಗುವ ಇಲಿಮರಿ ಕೊಡುತ್ತೇವೆ. ಈಗ ಶೇಕಡಾ 5. ಹನ್ನೆರಡು ಗ್ರಾಂ ಮರಿಗೆ ಎಂದರೆ 0.6 ಗ್ರಾಂ. ಅಂದು ಹುಟ್ಟಿದ ಪಿಂಕಿಯೇ (ಇನ್ನೂ ಕೂದಲು ಬರದ ಇಲಿಮರಿ) ಒಂದು ಗ್ರಾಂಗಿಂತ ಹೆಚ್ಚಿರುವುದರಿಂದ ಅದನ್ನು ಕತ್ತರಿಸಿ ಅರ್ಧ ಕೊಡಬೇಕಾಗುತ್ತದೆ. ಫ್ರೀಜರಿನಿಂದ ತೆಗೆದ ಕೂಡಲೇ, ಇನ್ನೂ ಗಟ್ಟಿಯಿರುವಾಗ ಕತ್ತರಿಸಿದರೆ ಶುಚಿಯಾಗಿ ತುಂಡಾಗುತ್ತದೆ. ತಲೆಯಿರುವ ಅರ್ಧವನ್ನು ಮರಿಗಳು ಬೇಗ ಗುರುತಿಸಿ ಹಿಡಿಯುತ್ತವೆ. ಮರಿ 25 ಗ್ರಾಂ ದಾಟಿದ್ದರೆ ಇಡೀ ಪಿಂಕಿ ಕೊಡಬಹುದು, ಆದರೆ ಬೆನ್ನಿನ ಮೇಲೆ ಎರಡು ಮೂರು ಕಡೆ ಸೀಳು ಹಾಕಿ. ಜೀರ್ಣರಸ ಒಳಗೆ ಬೇಗ ಇಳಿಯುತ್ತದೆ. ಪಿಂಕಿಯ ದಪ್ಪ ಮರಿಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಹೆಚ್ಚಿರಬಾರದು.

ಪಿಂಕಿಯನ್ನು ಜಿಪ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ಕೆಳಗಣ ಭಾಗದಲ್ಲಿ ಒಂದೆರಡು ತಾಸು ಕರಗಿಸಿ. ಆಮೇಲೆ ಚೀಲ ಸಮೇತ 38-40 ಡಿಗ್ರಿಯ ನೀರಿನಲ್ಲಿ ಐದು ನಿಮಿಷ. ಬೆರಳಲ್ಲಿ ಹೊಟ್ಟೆ ಒತ್ತಿ ನೋಡಿ, ನಡುವೆ ಗಟ್ಟಿ ತಣ್ಣನೆ ಗಂಟು ಇರಬಾರದು. ಮೈಕ್ರೋವೇವ್ ಬೇಡ, ಬಿಸಿಲಿಗೆ ಇಡುವುದೂ ಬೇಡ. ಸರೀಸೃಪಗಳಿಗೆಂದೇ ಮಾಡಿದ ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾಗಳ) ಪುಡಿ ವೈದ್ಯರು ಹೇಳಿ ತರಿಸಿದ್ದರೆ ಕತ್ತರಿಸಿದ ಮೈಗೆ ಚಿಟಿಕೆಗಿಂತ ಕಡಿಮೆ ಸವರಿ. ಕತ್ತಲಾದ ಮೇಲೆ, ಟಬ್ಬಿನೊಳಗೇ, ಬೆಚ್ಚನೆಯ ಹೈಡಿನ ಬಾಗಿಲಲ್ಲಿ ಇಟ್ಟು, ಬಟ್ಟೆ ಹೊದಿಸಿ, ಕೋಣೆಯಿಂದ ಹೊರಗೆ ಬನ್ನಿ. ಎರಡು ತಾಸಿನಲ್ಲಿ ತಿನ್ನದಿದ್ದರೆ ಎಸೆಯಿರಿ, ನಮ್ಮ ಸೆಖೆಗೆ ಅದಕ್ಕಿಂತ ಹೆಚ್ಚು ಹೊತ್ತು ಇಟ್ಟದ್ದು ಕೆಟ್ಟಿರುತ್ತದೆ. ಐದು ದಿನ ಬಿಟ್ಟು ಇನ್ನೊಮ್ಮೆ ಕೊಟ್ಟು ನೋಡಿ. ಬಾಯಿ ತೆರೆಸಿ ತುರುಕುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಮನೆಯಲ್ಲಿ ಹಿಡಿದ ಇಲಿಯ ಮರಿ, ಹೊಲದ ಇಲಿ, ಗೋಡೆಯ ಹಲ್ಲಿ ಇವನ್ನು ಕೊಡುವ ಆಸೆ ಬರುತ್ತದೆ, ಏಕೆಂದರೆ ಮರಿಗಳು ಹಲ್ಲಿಯನ್ನು ಆಸೆಪಟ್ಟು ತಿನ್ನುತ್ತವೆ. ಇಲಿಯ ಹೊಟ್ಟೆಯಲ್ಲಿ ಇಲಿಪಾಷಾಣ ಇರಬಹುದು, ಹಲ್ಲಿಯಲ್ಲಿ ಹುಳುಗಳಿರಬಹುದು. ಸುಧಾರಿಸಿಕೊಳ್ಳುತ್ತಿರುವ ಹೊಟ್ಟೆಗೆ ಅವು ತಡೆಯಲಾರದ ಹೊರೆ.

ತಿಂದ ಮೇಲೆ ಏಳು ದಿನ ಮರಿಯನ್ನು ಮುಟ್ಟಬೇಡಿ. ತೂಗುವುದೂ ಮುಂದಿನ ಊಟದ ಹಿಂದಿನ ಸಂಜೆಯೇ.

ಮತ್ತೆ ಮಾಮೂಲಿ ಊಟಕ್ಕೆ

ಎಂಟನೆಯ ದಿನ ಅದೇ ಅಳತೆಯ ಎರಡನೆಯ ತುತ್ತು. ಇನ್ನೆಂಟು ದಿನಕ್ಕೆ ಮೂರನೆಯದು, ಅದೂ ಅಷ್ಟೇ. ನಡುವೆ ಹಿಕ್ಕೆ ಕಂಡಿತೇ ನೋಡಿಕೊಳ್ಳಿ. ಕಂದು ಭಾಗ, ಬಿಳಿ ಭಾಗ ಎರಡೂ ಇದ್ದರೆ ಹೊಟ್ಟೆ ಕೆಲಸ ಮಾಡುತ್ತಿದೆ. ಮೂರೂ ಕಕ್ಕದೆ ಹೊಟ್ಟೆಯಲ್ಲಿ ಉಳಿದರೆ ನಾಲ್ಕನೆಯ ಸಲ ಶೇಕಡಾ 8ರಷ್ಟು, ಐದನೆಯ ಸಲವೂ ಅದೇ, ಆರನೆಯ ಸಲಕ್ಕೆ ಶೇಕಡಾ 10. ಅಂದರೆ ಸುಮಾರು ಎರಡು ತಿಂಗಳು. ಮೂರನೆಯ ತುತ್ತು ಉಳಿದ ಖುಷಿಯಲ್ಲಿ ಇಡೀ ಪಿಂಕಿ, ಅದರ ಮರುವಾರ ಫಜ್ಜಿ (ಕೂದಲು ಮೂಡಿದ, ಇನ್ನೂ ದೊಡ್ಡ ಇಲಿಮರಿ) ಎಂದು ಓಡುವವರು ಮತ್ತೆ ಸೊನ್ನೆಗೆ ಬರುತ್ತಾರೆ. ಮರಿಯ ಹಸಿವನ್ನು ನೋಡಿ ಮರುಳಾಗಬೇಡಿ. ಕಾರ್ನ್ ಸ್ನೇಕ್ ಹೊಟ್ಟೆ ಸರಿಯಿಲ್ಲದಾಗಲೂ ಹಸಿದಂತೆಯೇ ಬಾಯಿ ಹಾಕುತ್ತದೆ.

ನಡುವೆ ಕಣ್ಣು ಮಸುಕಾದರೆ ಆ ವಾರದ ಊಟ ಬಿಟ್ಟು, ಪೊರೆ ಬಿಟ್ಟ ಎರಡು ದಿನಕ್ಕೆ ಮುಂದುವರಿಸಿ. ಟಬ್ಬಿನ ತಂಪು ಬದಿಯನ್ನು 30ರ ಒಳಗೆ ಹಿಡಿದಿಡಲು ಆಗದ ಮೇ ತಿಂಗಳ ವಾರಗಳಲ್ಲಿಯೂ ಹೀಗೆಯೇ. ಇಲಿಮರಿ ಕರಗಲು ಮೂರ್ನಾಲ್ಕು ದಿನ ಬೇಕು, ಸಂಜೆ ತಂಪಾಗಿದ್ದಾಗ ತಿನ್ನಿಸಿದರೂ ಮುಂದಿನ ಮೂರು ಮಧ್ಯಾಹ್ನಗಳನ್ನು ಅದು ದಾಟಬೇಕಲ್ಲ.

ಮತ್ತೆ ಕಕ್ಕಿದರೆ

ಲೆಕ್ಕ ಮೊದಲಿನಿಂದ, ಹದಿನಾಲ್ಕು ದಿನ. ಜೊತೆಗೆ ಈ ಸಲ ವೈದ್ಯರು ಬೇಕೇ ಬೇಕು. ಹುಳುಗಳು, ಅಮೀಬಾ, ಬ್ಯಾಕ್ಟೀರಿಯಾ ಇವನ್ನು ಹಿಕ್ಕೆಯ ಪರೀಕ್ಷೆಯಲ್ಲಿ ಕಂಡುಹಿಡಿಯಬಹುದು, ಮದ್ದೂ ಇದೆ. ಮನುಷ್ಯರ ಭೇದಿ ಔಷಧಿಯನ್ನೋ ದನದ ಜಂತುಹುಳದ ಔಷಧಿಯನ್ನೋ ಅಂದಾಜಿಗೆ ಹಾಕಬೇಡಿ. ಹತ್ತು ಗ್ರಾಂ ಜೀವಕ್ಕೆ ಒಂದು ಹನಿ ಹೆಚ್ಚಾದರೂ ನರಗಳಿಗೆ ಹೊಡೆತ ಬೀಳುತ್ತದೆ.

ಎಲ್ಲಕ್ಕಿಂತ ಭಯಪಡಬೇಕಾದದ್ದು ಕ್ರಿಪ್ಟೋಸ್ಪೊರಿಡಿಯಮ್ ಸರ್ಪೆಂಟಿಸ್ ಎಂಬ ಪರಾವಲಂಬಿ. ಅದು ಹೊಟ್ಟೆಯ ಗೋಡೆಯನ್ನು ದಪ್ಪಗಾಗಿಸುತ್ತದೆ. ಖಾಲಿ ಹೊಟ್ಟೆಯಲ್ಲಿಯೂ ಮೈಯ ನಡುಭಾಗದಲ್ಲಿ ಒಂದು ಗಟ್ಟಿ ಉಬ್ಬು ಕಂಡರೆ, ತಿಂದ ಪ್ರತಿ ಸಲವೂ ಕಕ್ಕಿದರೆ ಇದನ್ನು ಶಂಕಿಸಿ ಪಿಸಿಆರ್ ಪರೀಕ್ಷೆ ಕೇಳಿ. ಪೂರ್ತಿ ವಾಸಿ ಮಾಡುವ ಭರವಸೆಯ ಮದ್ದು ಇದಕ್ಕಿಲ್ಲ, ಬ್ಲೀಚಿಗೂ ಇದರ ಬೀಜಾಣು ಸಾಯುವುದಿಲ್ಲ. ಮನೆಯಲ್ಲಿ ಬೇರೆ ಹಾವಿದ್ದರೆ ಕಕ್ಕುವ ಮರಿಯನ್ನು ಇಂದೇ ಬೇರೆ ಕೋಣೆಗೆ ಒಯ್ಯಿರಿ. ಅದರ ಚಿಮುಟ, ಬಟ್ಟಲು, ಟಿಶ್ಯೂ ಎಲ್ಲ ಬೇರೆ, ಕೆಲಸದ ಸರದಿಯಲ್ಲಿಯೂ ಅದು ಕೊನೆಗೆ.

ಹಾವು ನೋಡುವ ವೈದ್ಯರು ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಹಿಕ್ಕೆ ಪರೀಕ್ಷೆಗೆ ಅಲ್ಲಿ ವಿಚಾರಿಸಬಹುದು, ಹೋಗುವ ಮೊದಲು ಫೋನ್ ಮಾಡಿ. ಹೈದರಾಬಾದಿಗೆ ಒಯ್ಯುವುದಾದರೆ ಬೀದರಿನಿಂದ ಸುಮಾರು 140, ಕಲಬುರಗಿಯಿಂದ ಸುಮಾರು 220 ಕಿಲೋಮೀಟರ್. ಬೇಸಿಗೆಯಲ್ಲಿ ನಸುಕಿನ ನಾಲ್ಕೂವರೆ-ಐದಕ್ಕೇ ಹೊರಡಿ. ಮರಿಯನ್ನು ಹೊಲಿಗೆ ಬಿಚ್ಚದ ಹತ್ತಿಯ ದಿಂಬಿನ ಚೀಲದಲ್ಲಿ ಹಾಕಿ ಬಾಯಿಗೆ ಗಂಟು ಹಾಕಿ, ತೂತಿರುವ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಇಡಿ. ಹಿಕ್ಕೆ ಒಂದು ದಿನದೊಳಗಿನದು ಇರಬೇಕು, ಪುಟ್ಟ ಮುಚ್ಚಳದ ಬಾಟಲಿಯಲ್ಲಿ, ತಂಪಾಗಿ. ತೂಕ, ಊಟ, ಉಷ್ಣಾಂಶ ಬರೆದ ಆ ಹಾಳೆಯನ್ನು ಮರೆಯದೆ ಒಯ್ಯಿರಿ, ವೈದ್ಯರಿಗೆ ಅರ್ಧ ಕೆಲಸ ಅದರಿಂದಲೇ ಆಗುತ್ತದೆ. ಮರಿ ಕೊಂಡಾಗಿನ ರಸೀದಿ, ಕಾಗದಪತ್ರಗಳೂ ಜೊತೆಗಿರಲಿ. ನಮ್ಮ ನೆಲದ ಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ದಾರಿಯಲ್ಲಿ ಯಾರಾದರೂ ಕೇಳಿದರೆ ಇದು ಹೊರದೇಶದ ಹಾವೆಂದು ತೋರಿಸಲು ಆಧಾರ ಬೇಕು.

ಕೊನೆಗೆ, ಟಬ್ಬಿನ ಮುಚ್ಚಳ. ಪೆನ್ಸಿಲ್ ಗಾತ್ರದ ಮರಿ ತಲೆ ತೂರುವಷ್ಟು ಸಂದಿ ಸಿಕ್ಕರೆ ಹೊರಗೆ ಬರುತ್ತದೆ. ಅದರ ಬೆನ್ನಿನ ಮಚ್ಚೆಗಳನ್ನು ಕಂಡ ನೆರೆಹೊರೆಯವರು ಕೊಳಕುಮಂಡಲವೆಂದು ಹೆದರಿ ಕೋಲೆತ್ತುತ್ತಾರೆ. ನಾಲ್ಕೂ ಬದಿಗೆ ಕ್ಲಿಪ್ ಇರುವ ಟಬ್ಬನ್ನೇ ಕೊಳ್ಳಿ, ಗಾಳಿಯ ತೂತು 3 ಮಿಲಿಮೀಟರ್ ಮೀರದಿರಲಿ, ರಾತ್ರಿ ಮಲಗುವ ಮೊದಲು ನಾಲ್ಕೂ ಕ್ಲಿಪ್ಪನ್ನು ಬೆರಳಿನಿಂದ ಒತ್ತಿ ನೋಡಿ.